ಟೋಕಿಯೋದಲ್ಲಿ ಇಂಗ್ಲಿಷ್ ಟೀಚರ್ ಕೆಲಸ: ಮೊದಲು ನಿಮ್ಮ 12 ವರ್ಷ ಎಣಿಸಿ

ಪ್ರಶ್ನೆ: ನಾನು ಹಾಸನ ಜಿಲ್ಲೆಯವಳು. 7ನೇ ತರಗತಿವರೆಗೆ ಕನ್ನಡ ಮಾಧ್ಯಮ, 8ರಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದೆ. ಬಿ.ಎ., ಬಿ.ಎಡ್., ಇಂಗ್ಲಿಷ್ ಎಂ.ಎ. ಆಗಿದೆ. ಖಾಸಗಿ ಹೈಸ್ಕೂಲಿನಲ್ಲಿ ಆರು ವರ್ಷ ಇಂಗ್ಲಿಷ್ ಪಾಠ ಮಾಡಿದ್ದೇನೆ. ಪತಿಗೆ ಟೋಕಿಯೋದಲ್ಲಿ ಸಾಫ್ಟ್‌ವೇರ್ ಕೆಲಸ. ನಾಲ್ಕು ವರ್ಷದ ಮಗನ ಜೊತೆ ನಿಶಿಕಸಾಯ್‌ನಲ್ಲಿದ್ದೇವೆ. ನನ್ನದು ಡಿಪೆಂಡೆಂಟ್ ವೀಸಾ. ತುಂಬಾ ಕಡೆ ಅರ್ಜಿ ಹಾಕಿದ್ದೇನೆ. ‘ನೇಟಿವ್ ಸ್ಪೀಕರ್ ಮಾತ್ರ’ ಅಂತ ಉತ್ತರ ಬರುತ್ತದೆ, ಇಲ್ಲವೇ ಉತ್ತರವೇ ಬರುವುದಿಲ್ಲ. ಇಂಗ್ಲಿಷ್ ಕಲಿಸುವ ತರಬೇತಿ ಕೊಡುವ ಟೆಫಲ್ ಕೋರ್ಸ್ ಮಾಡಬೇಕಾ? ಉಚ್ಚಾರಣೆ ಬದಲಿಸಿಕೊಳ್ಳಬೇಕಾ? ಅಷ್ಟರಲ್ಲಿ ಮನೆಯಲ್ಲೇ ಟ್ಯೂಷನ್ ಶುರು ಮಾಡಬಹುದಾ?

ಉತ್ತರ: ನಮಸ್ಕಾರ ಮೇಡಂ. ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಆದರೆ ಪತ್ರ ಓದಿದಾಗ ನನ್ನ ಕಣ್ಣು ನಿಂತದ್ದು ಬೇರೆ ಕಡೆ: 7ರವರೆಗೆ ಕನ್ನಡ, 8ರಿಂದ ಇಂಗ್ಲಿಷ್ ಮಾಧ್ಯಮ. ಜಪಾನಿನ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಲು ಬರುವ ನಮ್ಮವರ ದಾರಿ ತೆರೆಯುವುದೋ ಮುಚ್ಚುವುದೋ ಎಷ್ಟೋ ಸಲ ಆ ಒಂದು ವಿವರದಿಂದಲೇ ತೀರ್ಮಾನವಾಗುತ್ತದೆ. ಅದಕ್ಕೆ ಬರುತ್ತೇನೆ. ಮೊದಲು ಟ್ಯೂಷನ್ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಅದು ತುರ್ತು.

ದಯವಿಟ್ಟು ಈಗಲೇ ಶುರು ಮಾಡಬೇಡಿ. ಡಿಪೆಂಡೆಂಟ್ ವೀಸಾದಲ್ಲಿ ಇರುವವರು ಇಮಿಗ್ರೇಶನ್ ಕಚೇರಿಯ ಅನುಮತಿ ಇಲ್ಲದೆ ದುಡ್ಡಿಗೆ ಯಾವ ಕೆಲಸವನ್ನೂ ಮಾಡುವಂತಿಲ್ಲ. ಆ ಅನುಮತಿಗೆ ಜಪಾನಿಯಲ್ಲಿ ‘ಶಿಕಾಕುಗಾಯ್ ಕತ್ಸುದೊ ಕ್ಯೊಕಾ’ ಅನ್ನುತ್ತಾರೆ. ನೀವಿರುವ ಕಡೆಗೆ ಶಿನಾಗಾವಾದ ಇಮಿಗ್ರೇಶನ್ ಕಚೇರಿ ಇದೆ. ಅನುಮತಿ ಸಿಕ್ಕಿದರೆ ನಿಮ್ಮ ರೆಸಿಡೆನ್ಸ್ ಕಾರ್ಡಿನ ಹಿಂಬದಿಯಲ್ಲಿ ಅದರ ಮುದ್ರೆ ಬೀಳುತ್ತದೆ. ಈಗಲೇ ಕಾರ್ಡ್ ತಿರುಗಿಸಿ ನೋಡಿ. ಮುದ್ರೆ ಇಲ್ಲದಿದ್ದರೆ ಈ ವಾರ ಮಾಡಬೇಕಾದ ಮೊದಲ ಕೆಲಸ ಅದೇ. ಎಷ್ಟೋ ಕಡೆ ಅರ್ಜಿಯ ಮೊದಲ ಸುತ್ತಿನಲ್ಲೇ ‘ಅನುಮತಿ ಇದೆಯಾ’ ಅಂತ ಕೇಳುತ್ತಾರೆ. ಇಲ್ಲ ಅಂದರೆ ಅರ್ಜಿಯನ್ನು ಪಕ್ಕಕ್ಕಿಡುತ್ತಾರೆ. ನಿಮಗೆ ಉತ್ತರ ಬಾರದಿರುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಅನುಮತಿ ಸಿಕ್ಕ ಮೇಲೂ ಮಿತಿ ಇದೆ. ವಾರಕ್ಕೆ 28 ಗಂಟೆ. ಎರಡು ಕಡೆ ಕೆಲಸ ಮಾಡಿದರೆ ಎರಡೂ ಸೇರಿ 28. ವಿದ್ಯಾರ್ಥಿ ವೀಸಾದವರಿಗೆ ದೀರ್ಘ ರಜೆಯಲ್ಲಿ ದಿನಕ್ಕೆ 8 ಗಂಟೆವರೆಗೆ ಸಡಿಲಿಕೆ ಇದೆ, ಡಿಪೆಂಡೆಂಟ್‌ಗೆ ಇಲ್ಲ. ಮಿತಿ ಮೀರಿದ್ದು ಸಂಬಳದ ದಾಖಲೆ, ತೆರಿಗೆ ದಾಖಲೆಯಲ್ಲಿ ಸಿಕ್ಕಿಬೀಳುತ್ತದೆ. ಆಮೇಲೆ ವೀಸಾ ನವೀಕರಣಕ್ಕೇ ಕಷ್ಟ.

ಮನೆ ಟ್ಯೂಷನ್ ಇನ್ನೂ ಸೂಕ್ಷ್ಮ. 28 ಗಂಟೆಯ ಸಾಮಾನ್ಯ ಅನುಮತಿ ಇರುವುದು ಮಾಲೀಕರ ಕೈಕೆಳಗೆ, ಗಂಟೆ ಲೆಕ್ಕ ಇರುವ ಕೆಲಸಕ್ಕೆ. ಸ್ವಂತವಾಗಿ ಮಕ್ಕಳನ್ನು ಸೇರಿಸಿ ಪಾಠ ಮಾಡುವುದು ಸ್ವಂತ ಉದ್ಯೋಗದ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ಬೇರೆಯೇ ಆದ, ಆ ಕೆಲಸದ ವಿವರ ಕೊಟ್ಟು ಪಡೆಯುವ ಅನುಮತಿ ಬೇಕು. ಟೋಕಿಯೋದಲ್ಲಿ ಕೂತು ಬೆಂಗಳೂರಿನ ಮಕ್ಕಳಿಗೆ ಆನ್‌ಲೈನ್ ಪಾಠ ಮಾಡಿ, ದುಡ್ಡು ಊರಿನ ಬ್ಯಾಂಕ್ ಖಾತೆಗೆ ಹಾಕಿಸಿಕೊಂಡರೂ ಕೆಲಸ ಮಾಡಿದ್ದು ಜಪಾನಿನಲ್ಲೇ ಅಲ್ವಾ? ‘ಎಲ್ಲರೂ ಮಾಡ್ತಾರೆ, ಏನಾಗಲ್ಲ’ ಅನ್ನುವವರು ಸಿಗುತ್ತಾರೆ. ಅವರ ಮಾತು ಕೇಳಬೇಡಿ. ನಿಮ್ಮ ಕಾರ್ಡ್ ನಿಮ್ಮ ಇಡೀ ಮನೆಯ ಬದುಕಿಗೆ ಅಂಟಿಕೊಂಡಿದೆ.

ಈಗ ಆ 12 ವರ್ಷದ ಲೆಕ್ಕ.

ಪೂರ್ಣಾವಧಿ ಕೆಲಸ ಸಿಕ್ಕಿದರೆ ನೀವು ಡಿಪೆಂಡೆಂಟ್‌ನಿಂದ ಕೆಲಸದ ವೀಸಾಗೆ ಬದಲಾಗಬೇಕು. ಇಂಗ್ಲಿಷ್ ಕಲಿಸುವವರಿಗೆ ಮುಖ್ಯವಾಗಿ ಎರಡು ಬಗೆ. ಪ್ರೈಮರಿ, ಮಿಡ್ಲ್, ಹೈಸ್ಕೂಲುಗಳಲ್ಲಿ ಕಲಿಸುವವರಿಗೆ ‘ಇನ್‌ಸ್ಟ್ರಕ್ಟರ್’. ಖಾಸಗಿ ಕಂಪನಿಗಳು ನಡೆಸುವ ಇಂಗ್ಲಿಷ್ ಸಂಭಾಷಣೆ ಕ್ಲಾಸುಗಳಲ್ಲಿ, ಅಂದರೆ ‘ಎಯ್ಕಾಯ್ವಾ’ಗಳಲ್ಲಿ ಕಲಿಸುವವರಿಗೆ ‘ಸ್ಪೆಷಲಿಸ್ಟ್ ಇನ್ ಹ್ಯುಮಾನಿಟೀಸ್’ ಅನ್ನುವ ಇನ್ನೊಂದು. ಶಾಲೆಗಳಲ್ಲಿ ಜಪಾನಿ ಶಿಕ್ಷಕರ ಜೊತೆ ನಿಂತು ಪಾಠ ಮಾಡುವ ಸಹಾಯಕ ಭಾಷಾ ಶಿಕ್ಷಕರನ್ನು ಎ.ಎಲ್.ಟಿ. ಅನ್ನುತ್ತಾರೆ. ಅವರಿಗೆ ಬೇಕಾದದ್ದು ಇನ್‌ಸ್ಟ್ರಕ್ಟರ್ ವೀಸಾ. ಆ ವೀಸಾದ ನಿಯಮ ಪಾಸ್‌ಪೋರ್ಟಿನ ಬಣ್ಣ ಕೇಳುವುದಿಲ್ಲ. ಪದವಿ ಕೇಳುತ್ತದೆ, ಮತ್ತು ನೀವು ಯಾವ ಭಾಷೆ ಕಲಿಸುತ್ತೀರೋ ಆ ಭಾಷೆಯ ಮಾಧ್ಯಮದಲ್ಲೇ 12 ವರ್ಷ ಓದಿರಬೇಕು ಅನ್ನುತ್ತದೆ. ಕಾಲೇಜಿನ ವರ್ಷಗಳೂ ಇದಕ್ಕೆ ಸೇರುತ್ತವೆ.

ನಿಮ್ಮದನ್ನು ಕೂಡಿಸೋಣ. 8, 9, 10: ಮೂರು ವರ್ಷ. ಪಿಯುಸಿ ಎರಡು. ಬಿ.ಎ. ಮೂರು. ಬಿ.ಎಡ್. ಎರಡು. ಎಂ.ಎ. ಎರಡು. ಒಟ್ಟು 12! ಸರಿಯಾಗಿ ಗೆರೆಯ ಮೇಲೆ ಇದ್ದೀರಿ. ಅಂದರೆ ಒಂದೇ ಒಂದು ವರ್ಷದ ದಾಖಲೆ ತಪ್ಪಿದರೂ ಲೆಕ್ಕ 11 ಆಗುತ್ತದೆ.

ಈ ಉತ್ತರ ಓದುವ ಬೇರೆಯವರೂ ತಮ್ಮ ಲೆಕ್ಕ ಹಾಕಿಕೊಳ್ಳಿ. ಬಿ.ಎಡ್. ಎರಡು ವರ್ಷದ್ದಾಗಿದ್ದು 2015ರಿಂದ. ಅದಕ್ಕೂ ಹಿಂದೆ ಮುಗಿಸಿದವರಿಗೆ ಒಂದೇ ವರ್ಷ ಸಿಗುತ್ತದೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಷ್ಟೇ ಪದವಿಗಳಿದ್ದರೂ 9 ವರ್ಷ ಮಾತ್ರ ಆಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷ್ ಅನ್ನು ಅದ್ಭುತವಾಗಿ ಕಲಿಸುವ ಮೇಷ್ಟ್ರುಗಳು ನಮ್ಮಲ್ಲಿ ಎಷ್ಟೊಂದು ಜನ ಇದ್ದಾರೆ. ಈ ನಿಯಮ ಅವರಿಗೆ ಅನ್ಯಾಯ ಮಾಡುತ್ತದೆ ಅಂತಲೇ ನನ್ನ ಅಭಿಪ್ರಾಯ. ಆದರೆ ನಿಯಮ ಇರುವುದು ಹೀಗೆ. ಅಂಥವರು ಎ.ಎಲ್.ಟಿ. ಕೆಲಸಕ್ಕೆ ಕಾಯದೆ, ಇನ್ನೊಂದು ಬಗೆಯ ವೀಸಾ ಕೊಡಿಸುವ ಕಂಪನಿಗಳ ಕಡೆ ನೋಡುವುದು ಒಳ್ಳೆಯದು.

ದಾಖಲೆ ಹೇಗೆ? ನಮ್ಮ ಕರ್ನಾಟಕದವರಿಗೆ ಇದು ಹೊಸದಲ್ಲ. ಸಿಇಟಿಗೆ, ಸರ್ಕಾರಿ ನೇಮಕಾತಿಗೆ ವ್ಯಾಸಂಗ ಪ್ರಮಾಣಪತ್ರ ಮಾಡಿಸಿ, ಮುಖ್ಯೋಪಾಧ್ಯಾಯರ ಸಹಿ ಹಾಕಿಸಿ, ಬಿಇಒ ಕಚೇರಿಗೆ ಅಲೆದಿರುತ್ತೇವೆ. ಅದೇ ಕೆಲಸ ಇದು, ಇಂಗ್ಲಿಷಿನಲ್ಲಿ. ಹೈಸ್ಕೂಲು, ಪಿಯು ಕಾಲೇಜು, ಪದವಿ ಕಾಲೇಜು, ಬಿ.ಎಡ್. ಕಾಲೇಜು, ವಿಶ್ವವಿದ್ಯಾಲಯದ ವಿಭಾಗ, ಐದೂ ಕಡೆಯಿಂದ ಲೆಟರ್‌ಹೆಡ್‌ನಲ್ಲಿ ಒಂದೊಂದು ಪತ್ರ ಬೇಕು. ಯಾವ ವರ್ಷದಿಂದ ಯಾವ ವರ್ಷದವರೆಗೆ ಓದಿದಿರಿ, ಬೋಧನಾ ಮಾಧ್ಯಮ ಇಂಗ್ಲಿಷ್ ಅಂತ ಅದರಲ್ಲಿ ಸ್ಪಷ್ಟವಾಗಿ ಇರಬೇಕು. ಸಹಿ, ಮೊಹರು, ದಿನಾಂಕ ಮರೆಯಬಾರದು. ಊರಿನಲ್ಲಿರುವ ಅಣ್ಣನಿಗೋ ಅಪ್ಪನಿಗೋ ಒಂದು ಒಪ್ಪಿಗೆ ಪತ್ರ ಬರೆದುಕೊಡಿ, ಅವರು ಹೋಗಿ ತರಲಿ. ಏಪ್ರಿಲ್, ಮೇ ರಜೆಯಲ್ಲಿ ನಮ್ಮ ಶಾಲೆಗಳಲ್ಲಿ ಸಹಿ ಹಾಕುವವರು ಸಿಗುವುದಿಲ್ಲ, ಅದಕ್ಕೂ ಮೊದಲೇ ಮುಗಿಸಿ. ಹೆಸರಿನ ಇನಿಷಿಯಲ್ ಒಂದೊಂದು ಕಡೆ ಒಂದೊಂದು ಥರ ಇದ್ದರೆ ಈಗಲೇ ಗಮನಿಸಿ. ಪಾಸ್‌ಪೋರ್ಟಿನಲ್ಲಿರುವ ಹೆಸರೇ ಪತ್ರದಲ್ಲೂ ಇರಲಿ, ಅಂಕಪಟ್ಟಿಯ ಹೆಸರು ಬೇರೆ ಇದ್ದರೆ ಇಬ್ಬರೂ ಒಬ್ಬರೇ ಅಂತ ಆ ಪತ್ರದಲ್ಲೇ ಬರೆಸಿ. ಜೊತೆಗೆ ಆರು ವರ್ಷದ ಅನುಭವ ಪತ್ರ. ‘ಇಂಗ್ಲಿಷ್ ಶಿಕ್ಷಕಿ’ ಅಂತ ಸುಮ್ನೆ ಬರೆಸಬೇಡಿ. ಯಾವ ತರಗತಿ, ವಾರಕ್ಕೆ ಎಷ್ಟು ಪೀರಿಯಡ್, ತರಗತಿಯಲ್ಲಿ ಎಷ್ಟು ಮಕ್ಕಳು, ಎಲ್ಲ ಇರಲಿ.

ಈ ಫೈಲ್ ಕೈಯಲ್ಲಿ ಇಟ್ಟುಕೊಂಡು ನಿಮ್ಮ ಅರ್ಜಿಯ ಮೊದಲ ಪ್ಯಾರಾದಲ್ಲೇ ಬರೆಯಿರಿ: ‘ಇಂಗ್ಲಿಷ್ ಮಾಧ್ಯಮದಲ್ಲಿ 12 ವರ್ಷ ಓದಿದ್ದೇನೆ, ದಾಖಲೆ ಇದೆ, ಇನ್‌ಸ್ಟ್ರಕ್ಟರ್ ವೀಸಾಗೆ ಅರ್ಹಳು.’ ‘ನೇಟಿವ್ ಸ್ಪೀಕರ್’ ಅಂತ ಜಾಹೀರಾತು ಹಾಕುವವರಲ್ಲಿ ಎರಡು ಥರದವರಿದ್ದಾರೆ. ಕೆಲವರಿಗೆ ನಿಜಕ್ಕೂ ಅಮೆರಿಕ, ಬ್ರಿಟನ್ ಮುಖವೇ ಬೇಕು. ಅಲ್ಲಿ ನೀವು ಸಮಯ ಹಾಳು ಮಾಡಿಕೊಳ್ಳಬೇಡಿ. ಇನ್ನು ಕೆಲವರು ವೀಸಾ ಸಿಗುತ್ತದೋ ಇಲ್ಲವೋ ಅನ್ನುವ ಭಯಕ್ಕೆ ಹಾಗೆ ಬರೆಯುತ್ತಾರೆ. ಶಿಕ್ಷಕರ ನೇಮಕಾತಿಯಲ್ಲಿ ಕೆಲಸ ಮಾಡುತ್ತಾ ಈ ಎರಡನೇ ಗುಂಪನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಕಾಗದ ಪಕ್ಕಾ ಇದ್ದರೆ ಅವರ ದನಿ ಬದಲಾಗುತ್ತದೆ. ಫಿಲಿಪೀನ್ಸಿನ ಎಷ್ಟೋ ಶಿಕ್ಷಕರು ಇದೇ ದಾರಿಯಲ್ಲಿ ಜಪಾನಿನ ಶಾಲೆಗಳಿಗೆ ಬಂದಿದ್ದಾರೆ.

ಟೆಫಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಮ್ಮ ಹತ್ತಿರ ಬಿ.ಎಡ್. ಇದೆ, ಆರು ವರ್ಷದ ತರಗತಿ ಇದೆ. ಆನ್‌ಲೈನಿನ 120 ಗಂಟೆ ಕೋರ್ಸ್ ಅದಕ್ಕೆ ಏನನ್ನೂ ಸೇರಿಸುವುದಿಲ್ಲ. ಆ ದುಡ್ಡಲ್ಲಿ ಟೋಯಿಕ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆಯಿರಿ. 1979ರಲ್ಲಿ ಮೊದಲು ನಡೆದದ್ದೇ ಜಪಾನಿನಲ್ಲಿ. 990ಕ್ಕೆ ಎಷ್ಟು ಬಂತು ಅನ್ನುವುದು ಇಲ್ಲಿನ ಆಫೀಸುಗಳಲ್ಲಿ ಎಲ್ಲರಿಗೂ ತಿಳಿಯುವ ಅಳತೆ. 950 ದಾಟಿದರೆ ನಿಮ್ಮ ಇಂಗ್ಲಿಷ್ ಬಗ್ಗೆ ಪ್ರಶ್ನೆ ಏಳುವ ಮೊದಲೇ ಉತ್ತರ ಕೊಟ್ಟ ಹಾಗೆ. ಹಾಗೇ ಸ್ವಲ್ಪ ಜಪಾನಿ ಕಲಿಯಿರಿ. ಜಪಾನಿ ಭಾಷೆಯ ಜೆ.ಎಲ್.ಪಿ.ಟಿ. ಪರೀಕ್ಷೆ ಜುಲೈ ಮತ್ತು ಡಿಸೆಂಬರಿನಲ್ಲಿ ನಡೆಯುತ್ತದೆ. ಅದರಲ್ಲಿ ಕೆಳಗಿನಿಂದ ಎರಡನೇ ಹಂತವಾದ ಎನ್4 ಆದರೂ ಪಾಸಾದರೆ, ಸ್ಟಾಫ್‌ರೂಮಿನಲ್ಲಿ ಜಪಾನಿ ಶಿಕ್ಷಕರ ಜೊತೆ ಪಾಠದ ತಯಾರಿ ಮಾತಾಡಬಹುದು.

ಉಚ್ಚಾರಣೆ ಬದಲಿಸಬೇಡಿ, ತಿದ್ದಿಕೊಳ್ಳಿ. ಎರಡಕ್ಕೂ ವ್ಯತ್ಯಾಸ ಇದೆ. ಅಮೆರಿಕದವರ ಥರ ನಟಿಸಿದರೆ ಹತ್ತು ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ. ಆದರೆ ನಮ್ಮವರಿಗೆ ಕೆಲವು ಅಭ್ಯಾಸಗಳಿವೆ: ಎಗ್ ‘ಯೆಗ್’ ಆಗುತ್ತದೆ, ಓನ್ಲಿ ‘ವೋನ್ಲಿ’ ಆಗುತ್ತದೆ, ವೈನ್ ಮತ್ತು ವ್ಯಾನ್ ಎರಡಕ್ಕೂ ಒಂದೇ ‘ವ’ ಬಳಸುತ್ತೇವೆ. ಒತ್ತು ಎಲ್ಲ ಅಕ್ಷರಕ್ಕೂ ಸಮ ಬೀಳುತ್ತದೆ, ವೇಗ ಜಾಸ್ತಿ. ಫೋನಿನಲ್ಲಿ ನಿಮ್ಮ ಪಾಠವನ್ನೇ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಯಾವ ಶಬ್ದ ತಡವರಿಸುತ್ತಿದೆ ಅಂತ ನಿಮ್ಮ ಕಿವಿಗೇ ಗೊತ್ತಾಗುತ್ತದೆ, ಕೆಲವು ತಿಂಗಳಲ್ಲಿ ಸರಿಯಾಗುತ್ತದೆ.

ಇನ್ನೊಂದು ಮಾತು. ಜಪಾನಿ ಮಗು ಮಿಲ್ಕ್ ಅನ್ನು ‘ಮಿರುಕು’, ಬಸ್ ಅನ್ನು ‘ಬಸು’ ಅನ್ನುತ್ತದೆ. ಪದದ ಕೊನೆಗೆ ಸ್ವರ ಇಲ್ಲದೆ ಆ ಮಗುವಿಗೆ ನಿಲ್ಲಿಸಲು ಬಾರದು. ಬಸ್ಸು, ಕಾರು, ಲೈಟು ಅಂತ ಬೆಳೆದ ನಮಗೆ ಇದು ಒಳಗಿನಿಂದ ಗೊತ್ತು. ಕೊನೆಯ ಆ ಸ್ವರ ಬಿಡುವುದನ್ನು ನಾವು ಒಂದು ದಿನ ಕಲಿತೆವು, ಹೇಗೆ ಕಲಿತೆವು ಅಂತಲೂ ಗೊತ್ತು. ಹುಟ್ಟಿದಾಗಿನಿಂದ ಇಂಗ್ಲಿಷ್ ಮಾತಾಡಿದವರಿಗೆ ಈ ಕಷ್ಟ ಕಾಣುವುದೇ ಇಲ್ಲ. ಸಂದರ್ಶನದಲ್ಲಿ ಸಾಮಾನ್ಯವಾಗಿ ಐದು, ಹತ್ತು ನಿಮಿಷದ ಮಾದರಿ ಪಾಠ ಕೇಳುತ್ತಾರೆ. ಅಲ್ಲಿ ಇದನ್ನೇ ಪಾಠವಾಗಿ ಮಾಡಿ. ಚಪ್ಪಾಳೆ ತಟ್ಟಿ ಒಂದೇ ಬಡಿತದಲ್ಲಿ ಮಿಲ್ಕ್ ಹೇಳಿಸುವುದನ್ನು ತೋರಿಸಿ. ಐವತ್ತು ಮಕ್ಕಳ ತರಗತಿ ನಿಭಾಯಿಸಿದ್ದೀರಿ ಅಂತಾದರೆ ಅದನ್ನೂ ಗಟ್ಟಿಯಾಗಿ ಹೇಳಿ. ಈ ಕೆಲಸಕ್ಕೆ ಬರುವ ಎಷ್ಟೋ ನೇಟಿವ್ ಸ್ಪೀಕರುಗಳು ಅಲ್ಲಿಯವರೆಗೆ ಒಂದು ತರಗತಿಯ ಮುಂದೆ ನಿಂತೇ ಇರುವುದಿಲ್ಲ.

ಹುಡುಕುವುದು ಎಲ್ಲಿ? ಜಪಾನಿನಲ್ಲಿ ಶಾಲೆ ಶುರುವಾಗುವುದು ಏಪ್ರಿಲ್‌ನಲ್ಲಿ. ಎ.ಎಲ್.ಟಿ. ನೇಮಕ ಹೆಚ್ಚಾಗಿ ನವೆಂಬರ್‌ನಿಂದ ಫೆಬ್ರವರಿಯೊಳಗೆ ನಡೆಯುತ್ತದೆ. ಆಗಸ್ಟ್ ಕೊನೆಗೆ ಶುರುವಾಗುವ ಅವಧಿಗೆ ಸ್ವಲ್ಪ ಕೆಲಸ ಖಾಲಿ ಇರುತ್ತವೆ. ಮೇ, ಜೂನ್‌ನಲ್ಲಿ ಅರ್ಜಿ ಹಾಕಿ ಉತ್ತರ ಬರಲಿಲ್ಲ ಅಂತ ಮನಸ್ಸು ಕೆಡಿಸಿಕೊಳ್ಳಬೇಡಿ. ಬೇಡಿಕೆ ಇರುವುದು ನಿಜ. 2020ರ ಏಪ್ರಿಲ್‌ನಿಂದ 5 ಮತ್ತು 6ನೇ ತರಗತಿಗೆ ಇಂಗ್ಲಿಷ್ ಪೂರ್ಣ ವಿಷಯವಾಗಿದೆ, ವರ್ಷಕ್ಕೆ 70 ಪೀರಿಯಡ್. 3 ಮತ್ತು 4ನೇ ತರಗತಿಗೆ 35 ಪೀರಿಯಡ್ ಚಟುವಟಿಕೆ ರೂಪದಲ್ಲಿ ಇದೆ. ಇಂಗ್ಲಿಷ್ ಕಲಿಸಲು ಹಿಂಜರಿಯುವ ಪ್ರೈಮರಿ ಶಿಕ್ಷಕರ ಪಕ್ಕ ನಿಲ್ಲಲು ಜನ ಬೇಕು.

ಎ.ಎಲ್.ಟಿ.ಗಳಲ್ಲಿ ಒಂದು ಗುಂಪು 1987ರಲ್ಲಿ ಶುರುವಾದ ಸರ್ಕಾರದ ಜೆಟ್ ಯೋಜನೆಯಿಂದ ಬರುತ್ತದೆ. ಭಾರತದವರಿಗೂ ಅವಕಾಶ ಇದೆ. ಸಂಬಳವೂ ಒಳ್ಳೆಯದು, ಮೊದಲ ವರ್ಷಕ್ಕೆ 33.6 ಲಕ್ಷ ಯೆನ್ ಇದ್ದದ್ದು 2025ರಿಂದ 40.2 ಲಕ್ಷ ಆಗಿದೆ. ಆದರೆ ಅದಕ್ಕೆ ದೆಹಲಿಯ ಜಪಾನ್ ರಾಯಭಾರ ಕಚೇರಿಯ ಮೂಲಕ ಅರ್ಜಿ ಹಾಕಬೇಕು, ಊರಿನಿಂದಲೇ ಹೊರಡಬೇಕು, ಮತ್ತು ಹೊಕ್ಕೈದೋಗೆ ಹಾಕುತ್ತಾರೋ ಕ್ಯೂಶೂಗೋ ಹೇಳಲಾಗದು. ಪತಿ, ಮಗ ಟೋಕಿಯೋದಲ್ಲಿರುವ ನಿಮಗೆ ಅದು ಹೊಂದುವುದಿಲ್ಲ. ಊರಿನಲ್ಲಿರುವ, ಮದುವೆಯಾಗದ ತಂಗಿಯಂದಿರು ಯಾರಾದರೂ ಇದ್ದರೆ ಅವರಿಗೆ ಹೇಳಿ. ಊರಿನಿಂದ ಕೆಲಸ ಹುಡುಕುವವರು ಟೂರಿಸ್ಟ್ ವೀಸಾದಲ್ಲಿ ಬಂದು ಇಲ್ಲೇ ಬದಲಿಸಿಕೊಳ್ಳುತ್ತೇವೆ ಅಂದುಕೊಳ್ಳಬಾರದು. ಕೆಲಸ ಕೊಡುವವರು ಇಲ್ಲಿ ‘ಅರ್ಹತಾ ಪ್ರಮಾಣಪತ್ರ’ ಮಾಡಿಸಿ ಕಳಿಸಬೇಕು, ಅದರ ಮೇಲೆ ಭಾರತದಲ್ಲಿ ವೀಸಾ ಆಗಬೇಕು.

ನಿಮ್ಮ ಮುಂದಿರುವುದು ಎರಡು ದಾರಿ: ಶಾಲೆಗಳಿಗೆ ಎ.ಎಲ್.ಟಿ. ಕಳಿಸುವ ಖಾಸಗಿ ಕಂಪನಿಗಳು, ಮತ್ತು ನೇರವಾಗಿ ನೇಮಿಸುವ ಸ್ಥಳೀಯ ಶಿಕ್ಷಣ ಮಂಡಳಿಗಳು. ಮಂಡಳಿಗಳಲ್ಲಿ ಸಂಬಳ, ಗೌರವ ಎರಡೂ ಜಾಸ್ತಿ, ಆದರೆ ಜಾಹೀರಾತು ಎಷ್ಟೋ ಸಲ ಜಪಾನಿಯಲ್ಲಿ ಮಾತ್ರ ಇರುತ್ತದೆ. ಕಂಪನಿಗಳಲ್ಲಿ ಸಾಮಾನ್ಯವಾಗಿ ತಿಂಗಳಿಗೆ 2ರಿಂದ 2.5 ಲಕ್ಷ ಯೆನ್. ಸಹಿ ಹಾಕುವ ಮೊದಲು ಆಗಸ್ಟ್, ಡಿಸೆಂಬರ್, ಮಾರ್ಚ್ ಸಂಬಳ ಎಷ್ಟು ಅಂತ ಕೇಳಿ. ರಜೆಯ ತಿಂಗಳಲ್ಲಿ ಕಡಿತ ಮಾಡುವ ಕಂಪನಿಗಳಿವೆ. ಆರೋಗ್ಯ ವಿಮೆ, ಪಿಂಚಣಿಗೆ ಸೇರಿಸುತ್ತಾರಾ ಅಂತಲೂ ಕೇಳಿ. 2024ರ ಅಕ್ಟೋಬರ್‌ನಿಂದ 51 ಅಥವಾ ಅದಕ್ಕೂ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ವಾರಕ್ಕೆ 20 ಗಂಟೆಯ ಪಾರ್ಟ್‌ಟೈಮ್ ನೌಕರರಿಗೂ ಇದು ಅನ್ವಯಿಸುತ್ತದೆ. ಕೆಲಸ ಕೊಡಿಸಲು ನಿಮ್ಮಿಂದಲೇ ದುಡ್ಡು ಕೇಳುವ ಏಜೆಂಟರ ಹತ್ತಿರ ಹೋಗಬೇಡಿ. ಕೆಲಸ ಹುಡುಕುವವರಿಂದ ಶುಲ್ಕ ವಸೂಲಿಗೆ ಜಪಾನ್ ಕಾನೂನು ಸಾಮಾನ್ಯವಾಗಿ ಒಪ್ಪುವುದಿಲ್ಲ.

ನಿಮ್ಮ ಮನೆ ಹತ್ತಿರದ ಅವಕಾಶಗಳನ್ನೂ ಮರೆಯಬೇಡಿ. ಕೋತೋ ವಾರ್ಡಿನಲ್ಲಿ 2004ರಿಂದ ಇಂಡಿಯಾ ಇಂಟರ್‌ನ್ಯಾಷನಲ್ ಸ್ಕೂಲ್ ಇದೆ. 2006ರಲ್ಲಿ ಗ್ಲೋಬಲ್ ಇಂಡಿಯನ್ ಸ್ಕೂಲ್ ಬಂತು. ಸಿ.ಬಿ.ಎಸ್.ಇ. ಗೊತ್ತಿರುವ, ಬಿ.ಎಡ್. ಇರುವ ಶಿಕ್ಷಕಿ ಅಲ್ಲಿ ಹೊರಗಿನವಳಲ್ಲ, ಮತ್ತು ಜಪಾನಿ ಮಕ್ಕಳೂ ಅಲ್ಲಿ ಓದುತ್ತಾರೆ. ಇಂಗ್ಲಿಷ್ ಪ್ರೀಸ್ಕೂಲುಗಳು, ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಇಂಗ್ಲಿಷ್ ಕೇಂದ್ರಗಳು, ಎಯ್ಕೆನ್ ಪರೀಕ್ಷೆಗೆ ತಯಾರಿ ಮಾಡಿಸುವ ಕ್ಲಾಸುಗಳು ಇವೆ. ಎಯ್ಕೆನ್ 1963ರಿಂದ ನಡೆಯುತ್ತಿರುವ ಇಲ್ಲಿನ ಇಂಗ್ಲಿಷ್ ಪರೀಕ್ಷೆ, ಮೇಲಿನ ಹಂತಗಳಲ್ಲಿ ಮೌಖಿಕವೂ ಇದೆ. ವ್ಯಾಕರಣ ಬಿಡಿಸಿ ಹೇಳುವುದು, ಪ್ರಬಂಧ ತಿದ್ದುವುದು ನಮ್ಮ ಹೈಸ್ಕೂಲು ಶಿಕ್ಷಕರ ಬಲ. 28 ಗಂಟೆಯ ಮಿತಿಯೊಳಗೆ ಮೊದಲ ಕೆಲಸವಾಗಿ ಇದನ್ನೇ ನಾನು ಸೂಚಿಸುತ್ತೇನೆ. ಜಪಾನಿನಲ್ಲಿ ಕೆಲಸ ಮಾಡಿದ ಒಂದು ವರ್ಷ, ಮುಂದಿನ ಅರ್ಜಿಯಲ್ಲಿ ಊರಿನ ಆರು ವರ್ಷಕ್ಕೂ ಬೆಲೆ ತಂದುಕೊಡುತ್ತದೆ.

ಪಾರ್ಟ್‌ಟೈಮ್‌ನಲ್ಲಿ ಒಂದು ಲೆಕ್ಕ ಗಮನದಲ್ಲಿರಲಿ. ಗಂಟೆಗೆ 1,500 ಯೆನ್ ಅಂದುಕೊಳ್ಳಿ. 28 ಗಂಟೆಗೆ ವಾರಕ್ಕೆ 42,000, ವರ್ಷಕ್ಕೆ ಸುಮಾರು 21.8 ಲಕ್ಷ. ವರ್ಷದ ಆದಾಯ 13 ಲಕ್ಷ ಯೆನ್ ದಾಟಿದರೆ ಪತಿಯ ಆರೋಗ್ಯ ವಿಮೆಯಿಂದ ನೀವು ಹೊರಗೆ ಬರುತ್ತೀರಿ. ವಿಮೆ, ಪಿಂಚಣಿ ನೀವೇ ಕಟ್ಟಬೇಕು. ಸ್ವಲ್ಪ ದಾಟಿದರೆ ಕೈಗೆ ಬರುವುದು ಕಡಿಮೆಯೇ ಆಗಬಹುದು. ಚೆನ್ನಾಗಿ ದಾಟುವುದಾದರೆ ದಾಟಿ, ಇಲ್ಲದಿದ್ದರೆ ಒಳಗೇ ಇರಿ.

ವೀಸಾ ಬದಲಾವಣೆಗೆ ಕೆಲಸದ ಒಪ್ಪಂದ ಮೊದಲು ಕೈಯಲ್ಲಿರಬೇಕು. ಅರ್ಜಿ ಹಾಕಿದ ಮೇಲೆ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಆವರೆಗೂ 28 ಗಂಟೆಯೇ. ‘ಪೂರ್ತಿ ಕೆಲಸ ಈಗಲೇ ಶುರು ಮಾಡಿ, ವೀಸಾ ಆಮೇಲೆ’ ಅನ್ನುವವರಿಗೆ ಬೇಡ ಅನ್ನಿ. ಗೊಂದಲ ಇದ್ದರೆ ಯೊತ್ಸುಯಾ ಸ್ಟೇಷನ್ ಹತ್ತಿರ 2020ರಲ್ಲಿ ತೆರೆದ ವಿದೇಶಿಯರ ಸಹಾಯ ಕೇಂದ್ರಕ್ಕೆ ಹೋಗಿ. ವೀಸಾ ಸಲಹೆ, ವಿದೇಶಿಯರಿಗೆ ಕೆಲಸ ಹುಡುಕಿಕೊಡುವ ಸರ್ಕಾರಿ ಕಚೇರಿ ಎರಡೂ ಅಲ್ಲಿವೆ. ಸ್ವಂತ ವೀಸಾ ಆದ ಮೇಲೆ ಇನ್ನೊಂದು ಲಾಭ ಇದೆ. ಪತಿಯ ಕೆಲಸಕ್ಕೆ ಏನಾದರೂ ತೊಂದರೆಯಾದರೂ ನಿಮ್ಮ ಕಾರ್ಡ್ ನಿಮ್ಮದೇ ಬಲದ ಮೇಲೆ ಇರುತ್ತದೆ. ಐ.ಟಿ. ಕಂಪನಿಗಳಲ್ಲಿ ದಿಢೀರನೆ ಪ್ರಾಜೆಕ್ಟ್ ಮುಗಿದು ಮನೆಗಳು ಕಂಗಾಲಾಗುವುದನ್ನು ನೋಡಿದವಳಾಗಿ ಇದನ್ನು ಒತ್ತಿ ಹೇಳುತ್ತೇನೆ.

ಇನ್ನು ಮಗನ ವಿಷಯ. ಎಯ್ಕಾಯ್ವಾಗಳ ಪಾಳಿ ಹೆಚ್ಚಾಗಿ ಮಧ್ಯಾಹ್ನದಿಂದ ರಾತ್ರಿ 9ರವರೆಗೆ, ಶನಿವಾರವೂ ಸೇರಿ. ನಾಲ್ಕು ವರ್ಷದ ಮಗು ಇರುವಾಗ ಅದು ಕಷ್ಟ, ಶಾಲೆಯ ಸಮಯವೇ ವಾಸಿ. ಸರ್ಕಾರಿ ಮಾನ್ಯತೆಯ ‘ಹೊಯ್ಕುಯೆನ್’ ಶಿಶುವಿಹಾರಗಳಲ್ಲಿ 3ರಿಂದ 5 ವರ್ಷದ ಮಕ್ಕಳಿಗೆ 2019ರ ಅಕ್ಟೋಬರ್‌ನಿಂದ ಬೋಧನಾ ಶುಲ್ಕ ಇಲ್ಲ. ಸೀಟು ಕೊಡುವುದು ಅಂಕದ ಮೇಲೆ. ತಾಯಿ ಕೆಲಸದಲ್ಲಿದ್ದರೆ ಅಂಕ ಜಾಸ್ತಿ, ಕೆಲಸ ಹುಡುಕುತ್ತಿದ್ದರೆ ಕಡಿಮೆ. ಆದ್ದರಿಂದ ಸಣ್ಣ ಪಾರ್ಟ್‌ಟೈಮ್ ಕೆಲಸವಾದರೂ ಮೊದಲು ಸಿಕ್ಕಿದರೆ ಅನುಕೂಲ. ಏಪ್ರಿಲ್ ಸೀಟಿಗೆ ಅರ್ಜಿ ಹಿಂದಿನ ವರ್ಷದ ಕೊನೆಯಲ್ಲೇ ಮುಗಿದುಹೋಗುತ್ತದೆ. ಎದೋಗಾವಾ ವಾರ್ಡ್ ಕಚೇರಿಗೆ ಅಕ್ಟೋಬರ್‌ನಲ್ಲೇ ಹೋಗಿ ದಿನಾಂಕ, ಫಾರ್ಮು ಎರಡನ್ನೂ ತಂದಿಟ್ಟುಕೊಳ್ಳಿ.